ಸುರಂಗದ ಬಾಯಲ್ಲಿ ಗುಡುಗು: ವೇಗದ ರೈಲಿಗೆ ಗಾಳಿ ಹೇಳಿದ ಪಾಠ

ಮೀನು ನೀರಿನಲ್ಲಿ ಬಾಳುವಂತೆ ನಾವು ಗಾಳಿಯಲ್ಲಿ ಬಾಳುತ್ತೇವೆ. ಆದರೆ ಅದರ ಇರವು ನಮಗೆ ನೆನಪಾಗುವುದು ಅದು ಬೀಸಿದಾಗ ಮಾತ್ರ. ಎತ್ತಿನ ಗಾಡಿ ಸಾಗುವಾಗ ಗಾಳಿ ಸದ್ದಿಲ್ಲದೆ ದಾರಿ ಬಿಟ್ಟುಕೊಡುತ್ತದೆ. ಬಸ್ಸು ಓಡುವಾಗ ತುಸು ಗೊಣಗುತ್ತದೆ. ಗಂಟೆಗೆ 300 ಕಿಲೋಮೀಟರ್ ವೇಗದ ರೈಲೊಂದು ಇಕ್ಕಟ್ಟಾದ ಸುರಂಗವನ್ನು ಹೊಕ್ಕಾಗಲಾದರೋ, ಬದಿಗೆ ಸರಿಯಲು ಸ್ಥಳವೂ ಇಲ್ಲ, ಸಮಯವೂ ಇಲ್ಲ. ಆಗ ಗಾಳಿ ತಿರುಗಿ ಮಾತನಾಡುತ್ತದೆ. ಗುಡ್ಡದ ಈಚೆಯ ಮಗ್ಗುಲಲ್ಲಿ ರೈಲು ಒಳಹೊಕ್ಕರೆ ಆಚೆಯ ಮಗ್ಗುಲಲ್ಲಿ, ರೈಲು ಕಣ್ಣಿಗೆ ಬೀಳುವುದಕ್ಕೆ ಬಹಳ ಮೊದಲೇ, ಗುಡುಗಿನಂತಹ ಸದ್ದು ಹೊರಹೊಮ್ಮುತ್ತದೆ. ಅಲ್ಲಿನ ಮನೆಗಳ ಕಿಟಕಿ ಬಾಗಿಲುಗಳು ಅದುರುತ್ತವೆ. ರೈಲಿನೊಳಗೆ ಪತ್ರಿಕೆ ಓದುತ್ತ ಕುಳಿತ ಪ್ರಯಾಣಿಕನಿಗೆ ಇದರ ಸುಳಿವೂ ಇರುವುದಿಲ್ಲ.

ವೇಗದ ಸುಖ ಒಬ್ಬರಿಗೆ, ಅದರ ಸಂಕಟ ಮತ್ತೊಬ್ಬರಿಗೆ ಎಂಬ ಈ ಸ್ಥಿತಿಯನ್ನು ಜಪಾನಿನ ಇಂಜಿನಿಯರುಗಳು ಹೇಗೆ ಎದುರಿಸಿದರು, ಗಾಳಿಯ ಮಾತನ್ನು ಹೇಗೆ ಅರಿತುಕೊಂಡರು ಎಂಬುದು ತಿಳಿಯತಕ್ಕ ಸಂಗತಿ. ನಮ್ಮ ದೇಶದಲ್ಲಿಯೂ ಅಂತಹುದೇ ರೈಲುಮಾರ್ಗ ನಿರ್ಮಾಣವಾಗುತ್ತಿರುವ ಈ ಕಾಲದಲ್ಲಿ ಇದು ದೂರದ ದೇಶದ ಕುತೂಹಲದ ಕಥೆ ಮಾತ್ರವಲ್ಲ.

ಕಿವಿಯಿಂದ ಆರಂಭವಾದ ಕಥೆ

ಜಪಾನಿನ ಮೊದಲ ಅತಿವೇಗದ ರೈಲುಮಾರ್ಗ ಟೋಕಿಯೋ ಹಾಗೂ ಒಸಾಕಾ ನಗರಗಳ ನಡುವೆ 1964ರ ಅಕ್ಟೋಬರ್ 1ರಂದು ಆರಂಭವಾಯಿತು. ಅದೇ ತಿಂಗಳು ಟೋಕಿಯೋದಲ್ಲಿ ಒಲಿಂಪಿಕ್ ಕ್ರೀಡಾಕೂಟ. 'ಶಿಂಕಾನ್ಸೆನ್' ಎಂದರೆ ಹೊಸ ಮುಖ್ಯಮಾರ್ಗವೆಂದು ಅರ್ಥ. ರೈಲುಗಳ ಗರಿಷ್ಠ ವೇಗ ಗಂಟೆಗೆ 210 ಕಿಲೋಮೀಟರ್. ಜಗತ್ತಿನ ಬೇರಾವ ದೇಶದಲ್ಲಿಯೂ ಆಗ ದಿನನಿತ್ಯದ ಪ್ರಯಾಣಿಕರ ರೈಲು ಅಷ್ಟು ವೇಗವಾಗಿ ಓಡುತ್ತಿರಲಿಲ್ಲ.

ಅದಕ್ಕೆ ಮೊದಲು ಒಂದು ಪ್ರಾಯೋಗಿಕ ಮಾರ್ಗದಲ್ಲಿ ಹಲವು ತಿಂಗಳು ಪರೀಕ್ಷೆ ನಡೆಯಿತು. 1963ರ ಮಾರ್ಚಿಯಲ್ಲಿ ಅಲ್ಲಿ ಗಂಟೆಗೆ 256 ಕಿಲೋಮೀಟರ್ ವೇಗವನ್ನು ಮುಟ್ಟಿದರು. ಈ ಪರೀಕ್ಷೆಗಳ ಕಾಲಕ್ಕೆ, ರೈಲು ಸುರಂಗ ಹೊಕ್ಕೊಡನೆ ಒಳಗಿದ್ದವರ ಕಿವಿ ಬಿಗಿದುಕೊಳ್ಳುವುದು ಕಂಡುಬಂತು. ಸುರಂಗದೊಳಗೆ ಒತ್ತಡ ಥಟ್ಟನೆ ಏರಿಳಿಯುವುದರಿಂದ ಹೀಗಾಗುತ್ತಿತ್ತು.

ನಮ್ಮ ಕಿವಿಯ ತಮ್ಮಟೆಯ ಒಳಬದಿಯಲ್ಲಿ ಗಾಳಿ ತುಂಬಿದ ಒಂದು ಚಿಕ್ಕ ಗೂಡಿದೆ. ಸಣ್ಣದೊಂದು ನಾಳ ಅದನ್ನು ಗಂಟಲಿನ ಹಿಂಭಾಗಕ್ಕೆ ಸೇರಿಸುತ್ತದೆ. ಹೊರಗಿನ ಒತ್ತಡ ನಿಧಾನವಾಗಿ ಬದಲಾದರೆ ಈ ನಾಳ ತೆರೆದು ಒಳಹೊರಗನ್ನು ಸರಿದೂಗಿಸುತ್ತದೆ. ಘಾಟಿ ಹತ್ತುವಾಗ ಕಿವಿ 'ಟಪ್' ಎನ್ನುವುದು ಅದರ ಕೆಲಸದಿಂದಲೇ. ವೇಗದ ರೈಲು ಸುರಂಗದಲ್ಲಿ ಎಬ್ಬಿಸುವ ಒತ್ತಡದ ಅಲೆ ಸಾಮಾನ್ಯವಾಗಿ ಒಂದರಿಂದ ಮೂರು ಸಾವಿರ ಪ್ಯಾಸ್ಕಲ್‌ನಷ್ಟಿರುತ್ತದೆ. ಸುಮಾರು 85 ಮೀಟರ್ ಎತ್ತರಕ್ಕೆ ಏರಿದರೆ ವಾಯುವಿನ ಒತ್ತಡದಲ್ಲಿ ಒಂದು ಸಾವಿರ ಪ್ಯಾಸ್ಕಲ್ ವ್ಯತ್ಯಾಸವಾಗುತ್ತದೆ. ಅಂದರೆ ಒಂದೆರಡು ನೂರು ಮೀಟರ್ ಎತ್ತರದ ಗುಡ್ಡವನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಏರಿ ಇಳಿದಂತೆ. ನಾಳಕ್ಕೆ ತೆರೆಯಲು ಪುರುಸೊತ್ತೇ ಸಿಗುವುದಿಲ್ಲ.

ಇದಕ್ಕೆ ಜಪಾನೀಯರು ಕಂಡುಕೊಂಡ ಪರಿಹಾರವೆಂದರೆ ಬೋಗಿಗಳನ್ನು ಗಾಳಿ ಸುಳಿಯದಂತೆ ಬಿಗಿಯಾಗಿ ಮುಚ್ಚುವುದು. ಮೊದಲ ರೈಲುಗಳಲ್ಲಿ ಸುರಂಗ ಬಂದೊಡನೆ ಗಾಳಿಯಾಡುವ ಕಿಂಡಿಗಳು ತಾವಾಗಿಯೇ ಮುಚ್ಚಿಕೊಳ್ಳುತ್ತಿದ್ದವು. ಮುಂದೆ ಉದ್ದುದ್ದನೆಯ ಸುರಂಗಗಳು ಬಂದಾಗ ಅಷ್ಟು ಹೊತ್ತು ಕಿಂಡಿ ಮುಚ್ಚಿಡುವುದು ತರವಲ್ಲವೆಂದು, ಒತ್ತಡ ಬದಲಾಗದಂತೆ ಗಾಳಿಯನ್ನು ಒಳಕ್ಕೆ ತಳ್ಳುವ ಹಾಗೂ ಹೊರಕ್ಕೆ ಎಳೆಯುವ ಬಲವಾದ ಫ್ಯಾನುಗಳನ್ನು ಅಳವಡಿಸಿದರು.

ತಾಯಂದಿರು ಅರಿತಿರಬೇಕಾದ ಮಾತೊಂದು ಇಲ್ಲಿದೆ. ಉಗುಳು ನುಂಗಿದಾಗ, ಆಕಳಿಸಿದಾಗ, ಏನಾದರೂ ಅಗಿಯುವಾಗ ಈ ನಾಳ ತೆರೆದುಕೊಳ್ಳುತ್ತದೆ. ಆದಕಾರಣ ವಿಮಾನ ಇಳಿಯುವಾಗಲಾಗಲಿ, ಘಾಟಿಯ ದಾರಿಯಲ್ಲಾಗಲಿ ಹಸುಗೂಸಿಗೆ ಹಾಲುಣಿಸುವುದು, ದೊಡ್ಡ ಮಕ್ಕಳಿಗೆ ಚೀಪಲು ಪೆಪ್ಪರಮೆಂಟು ಕೊಡುವುದು ಹಿತಕರ. ನೆಗಡಿಯಾಗಿದ್ದರೆ ನಾಳ ಊದಿಕೊಂಡು ನೋವು ಹೆಚ್ಚುತ್ತದೆ.

ರೈಲಿಗಿಂತ ಮೊದಲು ಬಂದ ಸದ್ದು

ಒಳಗಿನವರ ಕಿವಿಗೆ ಹೀಗೆ ನೆಮ್ಮದಿ ದೊರೆಯಿತು. ಆದರೆ ಗಾಳಿಯ ದೂರು ಇನ್ನೊಂದು ರೂಪದಲ್ಲಿ, ಹೊರಗಿನವರ ಬಾಗಿಲಿಗೆ ಬಂದಿತು.

ಒಸಾಕಾದಿಂದ ಪಶ್ಚಿಮಕ್ಕೆ ಸಾಗುವ ಸಾನ್ಯೋ ಮಾರ್ಗ 1972ರಲ್ಲಿ ಒಕಾಯಾಮಾದವರೆಗೂ, 1975ರ ಮಾರ್ಚಿಯಲ್ಲಿ ಹಕಾತಾದವರೆಗೂ ಬೆಳೆಯಿತು. ಒಕಾಯಾಮಾದಿಂದ ಮುಂದಿನ ನಾಡು ಗುಡ್ಡಗಾಡು. ಆ ಭಾಗದ ಮಾರ್ಗದಲ್ಲಿ ಅರ್ಧಕ್ಕಿಂತ ಹೆಚ್ಚು ಸುರಂಗವೇ. ಸಮುದ್ರದಡಿ ಹಾಯುವ ಷಿನ್-ಕನ್ಮೋನ್ ಸುರಂಗವೊಂದೇ 18 ಕಿಲೋಮೀಟರಿಗಿಂತ ಉದ್ದವಾಗಿದೆ. ಇಲ್ಲಿ ಜಲ್ಲಿಕಲ್ಲಿನ ಹಾಸಿಗೆಯ ಬದಲು ಕಾಂಕ್ರೀಟ್ ಹಾಸಿನ ಮೇಲೆ ಹಳಿಗಳನ್ನು ಕೂಡಿಸಿದರು. ಜಲ್ಲಿಯನ್ನು ಆಗಾಗ ಸರಿಪಡಿಸುವ ಶ್ರಮ ಉಳಿಯಲೆಂಬುದು ಉದ್ದೇಶ. ಸೇವೆ ಆರಂಭವಾಗುವ ಮುಂಚಿನ ಪ್ರಾಯೋಗಿಕ ಓಟಗಳಲ್ಲಿ, ರೈಲು ಒಂದು ತುದಿಯಿಂದ ಸುರಂಗ ಹೊಕ್ಕಾಗ ಇನ್ನೊಂದು ತುದಿಯಲ್ಲಿ ಸ್ಫೋಟದಂತಹ ಸದ್ದು ಕೇಳಿಬಂತು. ಸದ್ದಿನ ಮೂಲವನ್ನು ಅರಿಯಲು ವಿಜ್ಞಾನಿಗಳು ತೊಡಗಿದರು.

ಅವರು ಕಂಡುಕೊಂಡದ್ದನ್ನು ನಮ್ಮ ಹಳ್ಳಿಯ ಮಕ್ಕಳ ಆಟದಿಂದ ಸುಲಭವಾಗಿ ತಿಳಿಯಬಹುದು. ಬಿದಿರಿನ ಸಣ್ಣ ಕೊಳವೆಯ ತುದಿಗೆ ಒಂದು ಕಾಯಿಯನ್ನು ತುರುಕಿ, ಹಿಂದಿನಿಂದ ಇನ್ನೊಂದು ಕಾಯಿಯನ್ನು ಕಡ್ಡಿಯಿಂದ ರಭಸವಾಗಿ ತಳ್ಳಿದರೆ, ಮುಂದಿನ ಕಾಯಿ 'ಠಪ್ಪೆಂದು' ಹಾರುತ್ತದೆ. ಮಲೆನಾಡು ಕರಾವಳಿಗಳಲ್ಲಿ ಇದನ್ನು ಪೆಟ್ಲು ಎನ್ನುತ್ತಾರೆ. ಹಿಂದಿನ ಕಾಯಿ ಮುಂದಿನದನ್ನು ಮುಟ್ಟಿಯೇ ಇರುವುದಿಲ್ಲ. ನಡುವೆ ಸಿಕ್ಕಿದ ಗಾಳಿಯೇ ಆ ಪೆಟ್ಟನ್ನು ಸಾಗಿಸುತ್ತದೆ. ಸುರಂಗದಲ್ಲಿ ಮುಂದಿನ ಕಾಯಿ ಇಲ್ಲ, ತುದಿ ತೆರೆದೇ ಇದೆ. ಆದರೂ ಗಾಳಿ ಪೆಟ್ಟನ್ನು ಸಾಗಿಸುವ ಬಗೆ ಅದೇ.

ರೈಲಿನ ಮೂತಿ ಸುರಂಗದೊಳಕ್ಕೆ ನುಗ್ಗಿದಾಗ ಮುಂದಿನ ಗಾಳಿಯ ಒಂದು ಪಾಲು ರೈಲಿನ ಪಕ್ಕದ ಸಂದಿನಿಂದ ಹಿಂದಕ್ಕೆ ಸರಿಯುತ್ತದೆ. ಮಿಕ್ಕದ್ದು ಒತ್ತಿಕೊಂಡು ಅಲೆಯಾಗಿ ಮುಂದಕ್ಕೆ ಧಾವಿಸುತ್ತದೆ. ಈ ಒತ್ತಡದ ಅಲೆಯ ವೇಗ ಶಬ್ದದ ವೇಗವೇ. ಸೆಕೆಂಡಿಗೆ ಸುಮಾರು 340 ಮೀಟರ್. ಹತ್ತು ಕಿಲೋಮೀಟರ್ ಉದ್ದದ ಸುರಂಗವನ್ನು ಅಲೆ ಅರ್ಧ ನಿಮಿಷದಲ್ಲಿ ದಾಟುತ್ತದೆ. ಗಂಟೆಗೆ 300 ಕಿಲೋಮೀಟರ್ ವೇಗದ ರೈಲಿಗೆ ಅದೇ ದೂರಕ್ಕೆ ಎರಡು ನಿಮಿಷ ಬೇಕು. ಆದ್ದರಿಂದಲೇ ಆಚೆಯ ಊರಿನವರಿಗೆ ಸದ್ದು ಕೇಳಿ ಒಂದೂವರೆ ನಿಮಿಷವಾದ ಮೇಲೆ ರೈಲು ಕಾಣಿಸಿಕೊಳ್ಳುತ್ತದೆ.

ಹೀಗೆ ಧಾವಿಸುವ ಅಲೆಯಲ್ಲಿ ಇನ್ನೊಂದು ವಿಚಿತ್ರ ನಡೆಯುತ್ತದೆ. ಅಲೆಯ ಹಿಂಭಾಗದಲ್ಲಿ ಒತ್ತಡ ಹೆಚ್ಚು, ಅಲ್ಲಿನ ಗಾಳಿ ತುಸು ಬೆಚ್ಚಗೆ, ಮುಂದಕ್ಕೂ ಚಲಿಸುತ್ತಿರುತ್ತದೆ. ಆದಕಾರಣ ಹಿಂಭಾಗ ಮುಂಭಾಗಕ್ಕಿಂತ ಕೊಂಚ ಬೇಗ ಓಡಿ ಅದನ್ನು ಹಿಡಿಯಲೆತ್ನಿಸುತ್ತದೆ. ಸಮುದ್ರದ ತೆರೆ ದಡ ಸಮೀಪಿಸಿದಂತೆ ಗೋಡೆಯಂತೆ ನೆಟ್ಟಗಾಗುವುದನ್ನು ನಾವು ಕಂಡಿದ್ದೇವೆ. ಸುರಂಗದೊಳಗಿನ ಅಲೆಯೂ ಸಾಗುತ್ತ ಸಾಗುತ್ತ ಕಡಿದಾಗುತ್ತದೆ. ಸುರಂಗ ಉದ್ದವಾದಷ್ಟೂ ಕಡಿದಾಗಲು ಅವಕಾಶ ಹೆಚ್ಚು. ಜಲ್ಲಿಕಲ್ಲುಗಳಿದ್ದರೆ ಅವುಗಳ ಸಂದುಗೊಂದುಗಳಲ್ಲಿ ಅಲೆಯ ಶಕ್ತಿ ಒಂದಿಷ್ಟು ಇಂಗಿಹೋಗುತ್ತಿತ್ತು. ನುಣುಪಾದ ಕಾಂಕ್ರೀಟಿನಲ್ಲಿ ಇಂಗಲು ಎಡೆಯಿಲ್ಲ. ಶ್ರಮ ಉಳಿಸಲೆಂದು ಮಾಡಿದ ಏರ್ಪಾಡೇ ಸದ್ದಿಗೆ ನೆರವಾಯಿತು!

ಕೊನೆಗೆ ಅಲೆ ಸುರಂಗದ ಬಾಯಿಗೆ ಬಂದಾಗ ಅದರ ಬಹುಭಾಗ ತಿರುಗಿ ಒಳಕ್ಕೇ ಹೋಗುತ್ತದೆ. ಚಿಕ್ಕದೊಂದು ಪಾಲು ಮಾತ್ರ ಥಟ್ಟನೆ ಹೊರಕ್ಕೆ ಚಿಮ್ಮುತ್ತದೆ. ಇದನ್ನೇ ಸೂಕ್ಷ್ಮ ಒತ್ತಡದ ಅಲೆ ಎನ್ನುತ್ತಾರೆ. ಅದರ ಅಳತೆ ಕೆಲವು ಹತ್ತು ಪ್ಯಾಸ್ಕಲ್‌ಗಳು. ವಾಯುಮಂಡಲದ ಒತ್ತಡದ ಸಾವಿರದಲ್ಲೊಂದು ಅಂಶಕ್ಕಿಂತಲೂ ಕಡಿಮೆ. ಆದರೆ ಅದು ಬಂದೆರಗುವ ರೀತಿ ಥಟ್ಟನೆಯದು. ಕಿವಿಗೆ ಗುಡುಗಿನಂತೆ ಕೇಳುವ ಸ್ವರದ ಜೊತೆಗೆ ಕಿವಿಗೆ ನಿಲುಕದಷ್ಟು ತಗ್ಗಿನ ಕಂಪನವೂ ಅದರಲ್ಲಿದೆ. ಆ ಕಂಪನವೇ ಕಿಟಕಿ ಬಾಗಿಲುಗಳನ್ನು ಅಲುಗಿಸುತ್ತದೆ.

ವೇಗ ಒಂದುಪಟ್ಟು, ಸದ್ದು ಹಲವುಪಟ್ಟು

ಇಲ್ಲಿ ಒಂದು ಲೆಕ್ಕವನ್ನು ಗಮನಿಸಬೇಕು. ಹೊರಚಿಮ್ಮುವ ಅಲೆಯ ಬಲ ರೈಲಿನ ವೇಗದ ಘನಕ್ಕೆ ಅನುಗುಣವಾಗಿ ಬೆಳೆಯುತ್ತದೆ. ವೇಗ ಎರಡು ಪಟ್ಟಾದರೆ ಸದ್ದಿನ ಅಲೆ ಎರಡಲ್ಲ, ಎಂಟು ಪಟ್ಟು. ಗಂಟೆಗೆ 200 ಕಿಲೋಮೀಟರಿನಿಂದ 300ಕ್ಕೆ ಏರಿಸಿದರೆ ಮೂರು ಪಟ್ಟಿಗಿಂತ ಹೆಚ್ಚು. ಉದ್ದನೆಯ ಸುರಂಗಗಳಲ್ಲಿ ಅಲೆ ಕಡಿದಾಗುವುದರಿಂದ ಇನ್ನೂ ಹೆಚ್ಚು.

ನಮ್ಮ ಸಕಲೇಶಪುರ-ಸುಬ್ರಹ್ಮಣ್ಯ ಘಾಟಿಯ ರೈಲುಮಾರ್ಗದಲ್ಲಿ 57 ಸುರಂಗಗಳಿವೆ. ಅಲ್ಲಿ ಯಾರೂ ಇಂತಹ ಗುಡುಗನ್ನು ಕೇಳಿಲ್ಲವೇಕೆ ಎಂಬ ಪ್ರಶ್ನೆಗೆ ಈ ಲೆಕ್ಕದಲ್ಲಿಯೇ ಉತ್ತರವಿದೆ. ಘಾಟಿಯ ರೈಲು ಗಂಟೆಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿ ತೆವಳುತ್ತದೆ. ಅದರ ಹತ್ತು ಪಟ್ಟು ವೇಗವೆಂದರೆ ಅಲೆಯ ಬಲ ಸಾವಿರ ಪಟ್ಟು.

ಸುರಂಗದ ಅಗಲವೂ ಮುಖ್ಯ. ಜಪಾನಿನ ಎರಡು ಹಳಿಗಳ ಸುರಂಗದ ಅಡ್ಡಗಲ ಸುಮಾರು 63 ಚದರ ಮೀಟರ್. ರೈಲು ಒಂದೇ ಅದರ ಐದನೆಯ ಒಂದು ಪಾಲನ್ನು ಹೆಚ್ಚುಕಡಿಮೆ ತುಂಬುತ್ತದೆ. ಯೂರೋಪಿನ ಹೊಸ ಸುರಂಗಗಳು ಇದಕ್ಕಿಂತ ವಿಶಾಲ. ಜರ್ಮನಿಯಲ್ಲಿ ಸುಮಾರು 92 ಚದರ ಮೀಟರಿನವೂ ಇವೆ. ಆದರೆ ಒಮ್ಮೆ ಕೊರೆದ ಸುರಂಗವನ್ನು ಅಗಲಿಸುವುದು ಸುಲಭದ ಮಾತಲ್ಲ. ಜಪಾನೀಯರಿಗೆ ಉಳಿದದ್ದು ಎರಡೇ ದಾರಿ: ಸುರಂಗದ ಬಾಯಿಯನ್ನು ತಿದ್ದುವುದು, ರೈಲಿನ ಮೂತಿಯನ್ನು ತಿದ್ದುವುದು.

ನೆಮ್ಮದಿಯ ಹಕ್ಕು

ತಿದ್ದಲೇಬೇಕೆಂಬ ಒತ್ತಾಯ ಎಲ್ಲಿಂದ ಬಂತು ಎಂಬುದನ್ನೂ ಹೇಳಬೇಕು. ಅತಿವೇಗದ ರೈಲು ಜಪಾನಿನ ಹೆಮ್ಮೆಯಾಗಿದ್ದಂತೆಯೇ ಮಾರ್ಗದ ಬದಿಯಲ್ಲಿ ವಾಸಿಸುವವರಿಗೆ ಹಗಲಿರುಳಿನ ಕಾಟವೂ ಆಗಿತ್ತು. ನಗೋಯಾ ನಗರದಲ್ಲಿ ಎತ್ತರದ ಸೇತುವೆಗಳ ಮೇಲೆ ಹಾಯುವ ರೈಲುಗಳ ಸದ್ದು, ಕಂಪನಗಳಿಂದ ಬೇಸತ್ತ ನಿವಾಸಿಗಳು 1974ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದರು. ಅದು ಸುರಂಗದ ಸದ್ದಿನ ದಾವೆಯಲ್ಲ. ಆದರೆ ವೇಗದ ಹೆಸರಿನಲ್ಲಿ ನೆರೆಯವರ ನಿದ್ರೆಯನ್ನು ಕಸಿಯಬಹುದೇ ಎಂಬ ಪ್ರಶ್ನೆಯನ್ನು ದೇಶದ ಮುಂದಿಟ್ಟಿತು. ಆ ವ್ಯಾಜ್ಯ 1986ರಲ್ಲಿ ರಾಜಿಯಲ್ಲಿ ಮುಗಿಯಿತು. ಅಷ್ಟರೊಳಗೆ, 1975ರಲ್ಲಿಯೇ, ಜಪಾನ್ ಸರಕಾರ ಈ ರೈಲುಗಳ ಸದ್ದಿಗೆ ಮಿತಿಯನ್ನು ಗೊತ್ತುಪಡಿಸಿತ್ತು: ವಸತಿ ಪ್ರದೇಶಗಳಲ್ಲಿ 70 ಡೆಸಿಬೆಲ್, ಉಳಿದೆಡೆ 75. ಮುಂದೆ ವೇಗವನ್ನು ಹೆಚ್ಚಿಸಬೇಕೆಂದ ಪ್ರತಿಯೊಬ್ಬ ಇಂಜಿನಿಯರೂ ಮೊದಲು ಸದ್ದಿನ ಲೆಕ್ಕ ಒಪ್ಪಿಸಬೇಕಾಯಿತು. ಹಲವು ರೈಲುಗಳ ವೇಗವನ್ನು ಕಟ್ಟಿಹಾಕಿದ್ದು ಯಂತ್ರದ ಬಲಹೀನತೆಯಲ್ಲ, ಸದ್ದು.

ಸುರಂಗಕ್ಕೊಂದು ತಲೆವಸ್ತ್ರ

ಮೊದಲ ಉಪಾಯ ಸುರಂಗದ ಪ್ರವೇಶದ್ವಾರಕ್ಕೆ ಮುಂಚಾಚಿದ ಕಮಾನಿನಂತಹ ಮುಸುಕನ್ನು ಕಟ್ಟುವುದು. ಈ ಮುಸುಕು ಸುರಂಗಕ್ಕಿಂತ ಅಗಲವಾಗಿದ್ದು, ಅದರ ಪಕ್ಕೆಗಳಲ್ಲಿ ಕಿಂಡಿಗಳಿರುತ್ತವೆ. ರೈಲಿನ ಮೂತಿ ಒಳಹೊಕ್ಕಾಗ ಗಾಳಿಯ ಒಂದಿಷ್ಟು ಕಿಂಡಿಗಳಿಂದ ಹೊರಗೆ ಸೋರುತ್ತದೆ. ಒತ್ತಡ ಒಮ್ಮೆಗೇ ಏರುವ ಬದಲು ಮೆಟ್ಟಿಲು ಹತ್ತಿದಂತೆ ಹಂತಹಂತವಾಗಿ ಏರುತ್ತದೆ. ಬಾಗಿಲನ್ನು ರಪ್ಪನೆ ಬಡಿಯುವುದಕ್ಕೂ ಮೆಲ್ಲನೆ ಮುಚ್ಚುವುದಕ್ಕೂ ಇರುವ ಅಂತರವೇ ಇಲ್ಲಿಯೂ ಇರುವುದು. ಮುಚ್ಚುವ ಬಾಗಿಲು ಅದೇ, ಸದ್ದು ಬೇರೆ. ಗಮನಿಸಬೇಕಾದುದೇನೆಂದರೆ, ಸದ್ದಾಗುವುದು ಒಂದು ಬಾಯಲ್ಲಿ, ಮದ್ದನ್ನು ಹಚ್ಚುವುದು ಇನ್ನೊಂದು ಬಾಯಿಗೆ. ಎರಡು ದಿಕ್ಕಿನಿಂದಲೂ ರೈಲುಗಳು ಬರುವುದರಿಂದ ಎರಡೂ ತುದಿಗೆ ಮುಸುಕು ಬೇಕಾಗುತ್ತದೆ.

ಮಿಂಚುಳ್ಳಿಯ ಕೊಕ್ಕು

ಎರಡನೆಯ ಉಪಾಯದ ಕಥೆ ಲೋಕಪ್ರಸಿದ್ಧವಾಗಿದೆ. ಪಶ್ಚಿಮ ಜಪಾನ್ ರೈಲ್ವೆ ಸಂಸ್ಥೆ 1990ರ ದಶಕದ ಆರಂಭದಲ್ಲಿ ಸಾನ್ಯೋ ಮಾರ್ಗದ ವೇಗವನ್ನು 300 ಕಿಲೋಮೀಟರಿಗೆ ಏರಿಸಲು ನಿಶ್ಚಯಿಸಿತು. 1992ರಲ್ಲಿ ಅದರ ಪ್ರಾಯೋಗಿಕ ರೈಲು ಗಂಟೆಗೆ 350 ಕಿಲೋಮೀಟರನ್ನೂ ದಾಟಿತ್ತು. ಓಡುವ ಸಾಮರ್ಥ್ಯವಿತ್ತು, ಸದ್ದಿಲ್ಲದೆ ಓಡುವ ಬಗೆ ತಿಳಿಯಬೇಕಿತ್ತು. ಆ ಕಾರ್ಯದ ಹೊಣೆ ಹೊತ್ತವರಲ್ಲಿ ಪ್ರಮುಖರು ಐಜಿ ನಾಕಾತ್ಸು. ಅವರಿಗೆ ಪಕ್ಷಿವೀಕ್ಷಣೆಯ ಹವ್ಯಾಸ.

ಮಿಂಚುಳ್ಳಿಯನ್ನು ನಮ್ಮ ಕೆರೆಯಂಗಳಗಳಲ್ಲಿ ಕಾಣದವರಿಲ್ಲ. ಕೊಂಬೆಯ ಮೇಲೆ ಧ್ಯಾನಸ್ಥವಾಗಿ ಕುಳಿತಿದ್ದು, ಮೀನು ಕಂಡೊಡನೆ ಬಾಣದಂತೆ ನೀರಿಗೆರಗುತ್ತದೆ. ಆದರೂ ನೀರು ಅಷ್ಟಾಗಿ ಸಿಡಿಯುವುದಿಲ್ಲ. ತೆಳುವಾದ ಗಾಳಿಯಿಂದ ದಟ್ಟವಾದ ನೀರಿಗೆ ಅದು ನುಗ್ಗುವುದಕ್ಕೂ, ಬಯಲಿನ ಗಾಳಿಯಿಂದ ಸುರಂಗದ ಇಕ್ಕಟ್ಟಿಗೆ ರೈಲು ನುಗ್ಗುವುದಕ್ಕೂ ಹೋಲಿಕೆಯಿದೆಯೆಂದು ನಾಕಾತ್ಸು ಅವರಿಗೆ ಹೊಳೆಯಿತು.

ಆದರೆ ಹೊಳೆದೊಡನೆ ರೈಲು ಸಿದ್ಧವಾಗಲಿಲ್ಲ. ಬಗೆಬಗೆಯ ಆಕಾರದ ಗುಂಡುಗಳನ್ನು ಕೊಳವೆಯೊಳಕ್ಕೆ ಹಾರಿಸಿ ಒತ್ತಡದ ಅಲೆಯನ್ನು ಅಳೆದರು. ಬಲಶಾಲಿ ಗಣಕಯಂತ್ರಗಳಲ್ಲಿ ಲೆಕ್ಕಹಾಕಿದರು. ಎಲ್ಲ ಪರೀಕ್ಷೆಗಳ ಕೊನೆಗೆ ಉತ್ತಮವೆಂದು ನಿಂತ ಆಕಾರ ಮಿಂಚುಳ್ಳಿಯ ಕೊಕ್ಕನ್ನು ಬಹುವಾಗಿ ಹೋಲುತ್ತಿತ್ತು. ಹಕ್ಕಿಯನ್ನು ನೋಡಿ ನಕಲು ಮಾಡಿದರೆಂದು ಹೇಳುವುದಕ್ಕಿಂತ, ಹಕ್ಕಿ ತೋರಿದ ದಾರಿ ಸರಿಯೆಂದು ಅಳೆದು ತಿಳಿದರೆನ್ನುವುದು ಸತ್ಯಕ್ಕೆ ಹತ್ತಿರ.

ಈ ಮೂತಿಯ ಉದ್ದ 15 ಮೀಟರ್. ಮೂತಿ ನೀಳವಾಗಿದ್ದರೆ ಸುರಂಗದ ಬಾಯನ್ನು ರೈಲು ತುಂಬುವುದು ನಿಧಾನವಾಗುತ್ತದೆ, ಅಲೆ ಮೃದುವಾಗುತ್ತದೆ. ಬೋಗಿಯ ಒಡಲನ್ನೂ ದುಂಡಗೆ ಮಾಡಿ ಗಾತ್ರವನ್ನು ತಗ್ಗಿಸಿದರು. ತಂತಿಯಿಂದ ವಿದ್ಯುತ್ತನ್ನು ಪಡೆಯುವ ಚಾವಣಿಯ ಸಾಧನದ ಸದ್ದನ್ನು ಅಡಗಿಸಲು ಗೂಬೆಯ ಗರಿಗಳ ಅಂಚಿನಲ್ಲಿರುವ ಸಣ್ಣ ಹಲ್ಲುಗಳಿಂದ ಪಾಠ ಕಲಿತರು. ಗೂಬೆ ಇಲಿಯ ಮೇಲೆರಗುವಾಗ ರೆಕ್ಕೆಯ ಸದ್ದು ಕೇಳಿಸದಿರುವುದು ಆ ಹಲ್ಲುಗಳಿಂದಲೇ. '500 ಶ್ರೇಣಿ'ಯೆಂದು ಹೆಸರಾದ ಈ ರೈಲು 1997ರ ಮಾರ್ಚ್ 22ರಂದು ಗಂಟೆಗೆ 300 ಕಿಲೋಮೀಟರ್ ವೇಗದ ಸೇವೆಯನ್ನು ಆರಂಭಿಸಿತು.

ಆದರೆ ಇದರಲ್ಲಿಯೂ ಕೊರತೆಯಿತ್ತು. ಚೂಪಾದ ಮೂತಿಯಿಂದ ತುದಿಯ ಬೋಗಿಗಳಲ್ಲಿ ಆಸನಗಳು ಕಡಿಮೆಯಾದವು, ದುಂಡಗಿನ ಒಡಲಿನಲ್ಲಿ ಕಿಟಕಿಯ ಪಕ್ಕ ಕುಳಿತವರಿಗೆ ಇಕ್ಕಟ್ಟೆನಿಸಿತು, ನಿರ್ಮಾಣದ ವೆಚ್ಚವೂ ಅಧಿಕ. 1999ರಲ್ಲಿ ಬಂದ 700 ಶ್ರೇಣಿಗೆ ಬಾತುಕೋಳಿಯ ಕೊಕ್ಕಿನಂತಹ 9.2 ಮೀಟರಿನ ಮೂತಿ. ವೇಗ 285 ಕಿಲೋಮೀಟರ್. 2007ರಲ್ಲಿ ಬಂದ ಎನ್700 ಶ್ರೇಣಿ 10.7 ಮೀಟರಿನ ಮೂತಿಯಿಂದಲೇ 300 ಕಿಲೋಮೀಟರ್ ಸಾಧಿಸಿತು. ಮೂತಿಯ ಉದ್ದವೊಂದೇ ಸಾಲದು, ಅಡ್ಡಗಲ ಎಲ್ಲೆಲ್ಲಿ ಎಷ್ಟೆಷ್ಟು ಹಿಗ್ಗಬೇಕೆಂಬುದೇ ಮುಖ್ಯವೆಂದು ಆ ಹೊತ್ತಿಗೆ ಅರಿತಿದ್ದರು. ಮಿಂಚುಳ್ಳಿಯ ಮೂತಿಯ ರೈಲು 2010ರಲ್ಲಿ ಅತಿವೇಗದ ಸೇವೆಯಿಂದ ಸರಿದು, ಎಲ್ಲ ನಿಲ್ದಾಣಗಳಲ್ಲಿ ನಿಲ್ಲುವ ನಿಧಾನದ ಸೇವೆಗೆ ತಿರುಗಿತು.

ಈಶಾನ್ಯ ಜಪಾನಿನಲ್ಲಿ 2013ರಿಂದ ಗಂಟೆಗೆ 320 ಕಿಲೋಮೀಟರ್ ಓಡುತ್ತಿರುವ ಇ5 ಶ್ರೇಣಿಯ ಮೂತಿ ಮತ್ತೆ 15 ಮೀಟರ್. 2019ರಲ್ಲಿ ಪರೀಕ್ಷೆಗಿಳಿದ ಆಲ್ಫಾ-ಎಕ್ಸ್ ಎಂಬ ಪ್ರಾಯೋಗಿಕ ರೈಲಿನ ಒಂದು ತುದಿಯ ಮೂತಿ 22 ಮೀಟರ್. ಬಹುಮಟ್ಟಿಗೆ ಒಂದು ಬೋಗಿಯಷ್ಟು ಉದ್ದ! ವೇಗದ ಪ್ರತಿಯೊಂದು ಮೆಟ್ಟಿಲಿಗೂ ಗಾಳಿ ತನ್ನ ಸುಂಕವನ್ನು ಕೇಳುತ್ತಲೇ ಇದೆ.

ಜರ್ಮನಿಯ ಅನುಭವ

ವಿಶಾಲವಾದ ಸುರಂಗಗಳಿರುವ ತಮಗೆ ಈ ತೊಂದರೆಯಿಲ್ಲವೆಂಬ ಭಾವನೆ ಯೂರೋಪಿನಲ್ಲಿ ಬಹುಕಾಲ ಇತ್ತು. ಜರ್ಮನಿಯ ನ್ಯೂರೆಂಬರ್ಗ್-ಇಂಗೋಲ್‌ಸ್ಟಾಟ್ ಮಾರ್ಗ 2006ರಲ್ಲಿ ತೆರೆಯುವುದಕ್ಕೆ ಮುನ್ನ ನಡೆದ ಪ್ರಾಯೋಗಿಕ ಓಟಗಳಲ್ಲಿ ಅಲ್ಲಿನ ಎರಡು ಉದ್ದನೆಯ ಸುರಂಗಗಳ ಬಾಯಲ್ಲಿ ಇದೇ ಗುಡುಗು ಕೇಳಿಬಂತು. ಅಲ್ಲಿಯೂ ಕಾಂಕ್ರೀಟ್ ಹಾಸಿನ ಹಳಿಗಳೇ ಇದ್ದವು. ಕೂಡಲೇ ಸುರಂಗದೊಳಗೆ ಹಳಿಯ ಹಾಸಿನ ಮೇಲೆ ಸದ್ದನ್ನು ಹೀರುವ ರಂಧ್ರಯುಕ್ತ ಹಲಗೆಗಳನ್ನು ಹಾಸಿದರು. ಜಲ್ಲಿಕಲ್ಲು ತಾನಾಗಿಯೇ ಮಾಡುತ್ತಿದ್ದ ಉಪಕಾರವನ್ನು ಹಣ ತೆತ್ತು ಮರಳಿ ಪಡೆದಂತಾಯಿತು. ಅನಂತರ, 2012ರಲ್ಲಿ ತೆರೆದ 9 ಕಿಲೋಮೀಟರಿಗೂ ಮಿಕ್ಕಿದ ಕಾಟ್ಸೆನ್‌ಬೆರ್ಗ್ ಸುರಂಗದಲ್ಲಿ ರೈಲು ಓಡುವ ಮೊದಲೇ ಇಂತಹ ಏರ್ಪಾಡನ್ನು ಮಾಡಿಕೊಂಡರು. ಮನೆ ಸುಡುವ ಮುನ್ನ ಬಾವಿ ತೋಡುವುದೆಂದರೆ ಇದೇ.

ನಮ್ಮ ನಾಡಿಗೆ ಸಲ್ಲುವ ಮಾತು

ಮುಂಬೈ-ಅಹಮದಾಬಾದ್ ನಡುವಿನ 508 ಕಿಲೋಮೀಟರ್ ಅತಿವೇಗದ ರೈಲುಮಾರ್ಗಕ್ಕೆ 2017ರ ಸೆಪ್ಟೆಂಬರಿನಲ್ಲಿ ಅಡಿಗಲ್ಲು ಬಿದ್ದಿತು. ಜಪಾನಿನ ತಂತ್ರಜ್ಞಾನವೇ ಅದಕ್ಕೆ ಆಧಾರ. ಗಂಟೆಗೆ 320 ಕಿಲೋಮೀಟರ್ ಓಡಿಸುವ ಉದ್ದೇಶವಿದೆ. ಮುಂಬೈಯ ಬಾಂದ್ರಾ-ಕುರ್ಲಾ ಸಂಕೀರ್ಣದಿಂದ ಶಿಳ್‌ಫಾಟಾವರೆಗೆ 21 ಕಿಲೋಮೀಟರಿನ ಸುರಂಗ, ಅದರಲ್ಲಿ ಸುಮಾರು 7 ಕಿಲೋಮೀಟರ್ ಠಾಣೆಯ ಕೊಲ್ಲಿಯ ನೀರಿನಡಿ. ಎರಡು ಹಳಿಗಳೂ ಒಂದೇ ಸುರಂಗದಲ್ಲಿ. ಪಾಲ್ಘರ್ ಜಿಲ್ಲೆಯಲ್ಲಿ ಗುಡ್ಡಗಳನ್ನು ಕೊರೆದ ಸುರಂಗಗಳು ಬೇರೆ. ಗಾಳಿಗೆ ದೇಶಭಾಷೆಗಳ ಭೇದವಿಲ್ಲ. ಜಪಾನಿನಲ್ಲಿ ನಡೆದುಕೊಂಡಂತೆಯೇ ಇಲ್ಲಿಯೂ ನಡೆದುಕೊಳ್ಳುತ್ತದೆ. ಆದರೆ ಜಪಾನೀಯರು ಸದ್ದನ್ನು ಕೇಳಿದ ಮೇಲೆ ಹುಡುಕಿದ ಮದ್ದು ನಮಗೆ ಸದ್ದಿಗೆ ಮೊದಲೇ ಕೈಯಲ್ಲಿದೆ. ಇದು ನಮ್ಮ ಭಾಗ್ಯ. ಅದನ್ನು ಮರೆಯದಿರುವುದು ನಮ್ಮ ಹೊಣೆ.

ಮುಂದೊಂದು ದಿನ ನಮ್ಮ ಮಕ್ಕಳು ಮೊಮ್ಮಕ್ಕಳು ಅಂತಹ ರೈಲಿನಲ್ಲಿ ಕುಳಿತು, ಕಿವಿಗೆ ನೋವಿಲ್ಲದೆ ಸುರಂಗಗಳನ್ನು ದಾಟುವರು. ಅವರಿಗೆ ನಾವು ಹೇಳಿಕೊಡಬೇಕಾದ ಮಾತು ಇಷ್ಟೇ: ರೈಲಿನ ವೇಗವನ್ನು ಅಳೆಯುವ ಮುಳ್ಳು ಚಾಲಕನ ಮುಂದಿದೆ, ಅದು ಒಳ್ಳೆಯ ರೈಲೋ ಅಲ್ಲವೋ ಎಂಬುದನ್ನು ಅಳೆಯುವ ಮುಳ್ಳು ಸುರಂಗದಾಚೆಯ ಮನೆಯ ತೊಟ್ಟಿಲಲ್ಲಿದೆ. ಅಲ್ಲಿ ಮಲಗಿದ ಕೂಸು ಎಚ್ಚರಗೊಳ್ಳದಂತೆ ಗುಡ್ಡವನ್ನು ದಾಟಬಲ್ಲ ರೈಲೇ ನಿಜವಾಗಿ ಮುಂದುವರಿದ ರೈಲು. ಮಿಂಚುಳ್ಳಿಯ ಕೊಕ್ಕಿನಿಂದ ಹಿಡಿದು ಕಿಂಡಿಯ ಮುಸುಕಿನವರೆಗೆ ನಡೆದ ಅರ್ಧ ಶತಮಾನದ ದುಡಿಮೆಯೆಲ್ಲ ಆ ಒಂದು ನಿದ್ರೆಗಾಗಿ ಸಂದ ಕಾಯಕವೆಂದರೆ ಅತಿಶಯೋಕ್ತಿಯಾಗಲಾರದು.